ಗೃಹಸ್ಥರಿಗೊಂದು ಮಾತು: ವಲಯ ನಿಯಮಾವಳಿಯನ್ನು ಓದುವ ಬಗೆ



ಮನೆ ಕಟ್ಟಿಸುವವರು, ನಿವೇಶನ ಕೊಳ್ಳುವವರು, ಸಮಾಜದ ಹೆಸರಿನಲ್ಲಿ ಭವನವನ್ನೋ ಪ್ರಸಾದ ನಿಲಯವನ್ನೋ ಎತ್ತಿಸಬೇಕೆಂದು ಸಂಕಲ್ಪ ಮಾಡಿದವರು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತಿರುತ್ತದೆ. "ನಮ್ಮ ಜಾಗವು ವಾಸದ ವಲಯದಲ್ಲಿದೆಯೆಂದು ಹೇಳುತ್ತಾರೆ, ಅಲ್ಲಿ ಇಂಥದನ್ನು ಮಾಡಬಹುದೇ?" ಎಂಬುದೇ ಆ ಪ್ರಶ್ನೆ. ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ಸುಲಭವಲ್ಲ. ಉತ್ತರವು ಆಯಾ ಊರಿನ ವಲಯ ನಿಯಮಾವಳಿಯ ಶಬ್ದಗಳಲ್ಲಿದೆ. ಆ ಶಬ್ದಗಳನ್ನು ಓದುವ ಬಗೆಯಲ್ಲಿದೆ. ಓದದೆ ನಡೆದರೆ ಏನಾಗುತ್ತದೆಂಬುದನ್ನು ನಾವು ಸ್ವತಃ ಕಂಡಿದ್ದೇವೆ. ಅದರಲ್ಲಿ ತಪ್ಪು ನಮ್ಮದೇ ಆಗಿತ್ತು. ಆದುದರಿಂದ ಮೊದಲು ಆ ಸಂಗತಿಯನ್ನೇ ಸಂಕೋಚವಿಲ್ಲದೆ ನಿಮ್ಮ ಮುಂದಿಡುತ್ತೇವೆ.

ಎರಡು ಹೆಸರು, ಎರಡು ಸಾಲು

ಕೆಲವು ವರ್ಷಗಳ ಹಿಂದೆ ನಮ್ಮೂರ ಸಮಾಜದ ಟ್ರಸ್ಟಿನ ಕಾರ್ಯಕಾರಿ ಸಮಿತಿಯಲ್ಲಿ ನಾವೂ ಒಬ್ಬರಾಗಿದ್ದೆವು. ಲಿಂಗೈಕ್ಯರಾದ ತಮ್ಮ ಪತಿಯ ಸ್ಮರಣಾರ್ಥವಾಗಿ ಶರಣೆಯೊಬ್ಬರು ಬಡಾವಣೆಯ ಒಳರಸ್ತೆಯಲ್ಲಿದ್ದ ನಿವೇಶನವನ್ನು ಟ್ರಸ್ಟಿಗೆ ದಾನಪತ್ರ ಮಾಡಿಕೊಟ್ಟರು. ಸಮಿತಿಯವರೆಲ್ಲ ಮನೆಮನೆಗೆ ಹೋಗಿ ಪಟ್ಟಿ ಎತ್ತಿದೆವು. ಅಂಗಡಿಕಾರರು ಕೊಟ್ಟರು, ನೌಕರರು ಕೊಟ್ಟರು; ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವರೂ ತಮ್ಮ ದಿನದ ದುಡಿಮೆಯಲ್ಲಿ ಉಳಿಸಿ ಕೊಟ್ಟರು. ಸಾಲದುದಕ್ಕೆ ಸಹಕಾರಿ ಬ್ಯಾಂಕಿನಿಂದ ಸಾಲ ಮಾಡಿದೆವು. ನಕ್ಷೆ ಮಂಜೂರಾತಿಯ ಅರ್ಜಿಯಲ್ಲಿ "ಸಮುದಾಯ ಭವನ" ಎಂದು ಬರೆದೆವು. ಹಾಗೆಯೇ ಮಂಜೂರಾಯಿತು. ಮಂಜೂರಾತಿ ಪತ್ರದ ಹಿಂಬದಿಯಲ್ಲಿ ಅಚ್ಚಾಗಿದ್ದ ಷರತ್ತುಗಳನ್ನು ನಮ್ಮಲ್ಲಿ ಯಾರೊಬ್ಬರೂ ಪೂರ್ತಿಯಾಗಿ ಓದಲಿಲ್ಲ.

ಭವನದಲ್ಲಿ ಬಸವ ಜಯಂತಿ ನಡೆಯಿತು, ಶ್ರಾವಣ ಮಾಸದ ಪ್ರವಚನ ನಡೆಯಿತು. ಆದರೆ ಪ್ರವಚನದಿಂದ ಬ್ಯಾಂಕಿನ ಕಂತು ತೀರುವುದಿಲ್ಲವಷ್ಟೆ. ಮದುವೆಗಳಿಗೆ ಬಾಡಿಗೆಗೆ ಕೊಡಲಾರಂಭಿಸಿದೆವು. ಸಮಾಜದ ಬಡ ಕುಟುಂಬಗಳಿಗೆ ಕಡಿಮೆ ಬಾಡಿಗೆ, ಉಳಿದವರಿಗೆ ರೂಢಿಯ ಬಾಡಿಗೆ. ಇದರಲ್ಲಿ ತಪ್ಪೇನಿದೆಯೆಂದು ನಮಗೆ ತೋರಲಿಲ್ಲ.

ಭವನದ ಹಿಂಬದಿಯ ಮನೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರಿದ್ದರು. ಅವರೂ ನಮ್ಮ ಸಮಾಜದವರೇ. ಭವನಕ್ಕೆ ಕಾಣಿಕೆ ಕೊಟ್ಟವರೇ. ಒಂದು ದಿನ ಅವರು ನಮ್ಮ ಮನೆಗೆ ಬಂದು ಹೀಗೆಂದರು: "ಶರಣರೇ, ಪ್ರವಚನ ನಡೆದಾಗ ಮುಂದಿನ ಸಾಲಿನಲ್ಲಿ ಕುಳಿತು ಕೇಳಿದವನು ನಾನು. ಆದರೆ ಮೊನ್ನೆ ಮದುವೆಯ ದಿನ ನಮ್ಮ ಮನೆಯವರಿಗೆ ಎದೆನೋವು ಬಂತು. ಓಣಿಯ ತುಂಬ ಜೀಪು, ಟೆಂಪೊ ನಿಂತಿದ್ದವು. ಆಂಬುಲೆನ್ಸ್ ಒಳಗೆ ಬರಲಿಕ್ಕಾಗಲಿಲ್ಲ. ಹೊರಸಿನ ಮೇಲೆ ಮಲಗಿಸಿ ದೊಡ್ಡ ರಸ್ತೆಯವರೆಗೆ ಹೊತ್ತುಕೊಂಡು ಹೋದೆವು." ನಾವು ಕನಿಕರಪಟ್ಟೆವು. ಕನಿಕರಪಟ್ಟು, "ಭವನಕ್ಕೆ ಪರವಾನಿಗೆ ಇದೆಯಲ್ಲ, ಗುರುಗಳೇ" ಎಂದು ಹೇಳಿ ಕಳುಹಿಸಿದೆವು. ಆ ಮಾತನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮುಂದೆ ಕೆಲವು ತಿಂಗಳಲ್ಲಿ ಕಛೇರಿಯಿಂದ ನೋಟೀಸು ಬಂದಿತು. ವಿಚಾರಣೆಯ ದಿನ ಅಧಿಕಾರಿಗಳು ನಿಯಮಾವಳಿಯ ಪುಸ್ತಕವನ್ನು ನಮ್ಮ ಮುಂದಿಟ್ಟು, ನಾವೇ ಓದಬೇಕೆಂದರು. ಅಲ್ಲಿ ಸಮುದಾಯ ಭವನಕ್ಕೊಂದು ಸಾಲಿತ್ತು. ಕೆಳಗೆ ಬೇರೊಂದು ಸಾಲಿನಲ್ಲಿ ಕಲ್ಯಾಣ ಮಂಟಪವಿತ್ತು. ಕಲ್ಯಾಣ ಮಂಟಪಕ್ಕೆ ಇರಬೇಕಾದ ನಿವೇಶನದ ಅಳತೆ ಬೇರೆ, ಮುಂದಿನ ರಸ್ತೆಯ ಅಗಲ ಬೇರೆ, ವಾಹನ ನಿಲುಗಡೆಯ ಲೆಕ್ಕ ಬೇರೆ. ಇದರಲ್ಲಿ ಒಂದಕ್ಕೂ ನಮ್ಮ ಜಾಗ ಸಾಲುತ್ತಿರಲಿಲ್ಲ. "ಮದುವೆಯೂ ಸಮುದಾಯದ ಕಾರ್ಯವೇ ಅಲ್ಲವೇ, ಸಾಹೇಬರೇ?" ಎಂದು ನಮ್ಮ ಅಧ್ಯಕ್ಷರು ವಾದಿಸಿದರು. ಅಧಿಕಾರಿಗಳು ಸಿಟ್ಟಾಗಲಿಲ್ಲ. "ಮಾತಿಗೆ ಸರಿ ಯಜಮಾನರೇ. ಆದರೆ ಎರಡಕ್ಕೂ ಒಂದೇ ಅರ್ಥವಿದ್ದಿದ್ದರೆ ಇವರು ಎರಡು ಸಾಲು ಯಾಕೆ ಬರೆಯುತ್ತಿದ್ದರು?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಮದುವೆಗಳು ನಿಂತವು. ಅಷ್ಟರಲ್ಲಿ ಏಳು ಕುಟುಂಬಗಳು ಮುಂಗಡ ಕೊಟ್ಟಿದ್ದವು. ಒಂದು ಮನೆಯವರು ಲಗ್ನಪತ್ರಿಕೆಯನ್ನೂ ಅಚ್ಚು ಹಾಕಿಸಿದ್ದರು. ಸಮಿತಿಯವರು ಆ ಏಳೂ ಮನೆಗಳಿಗೆ ಹೋಗಿ ಕೈಮುಗಿದು ಹಣ ಹಿಂದಿರುಗಿಸಿದೆವು. ಪತ್ರಿಕೆ ಅಚ್ಚಾಗಿದ್ದ ಮನೆಯ ತಂದೆ ಒಂದು ಮಾತನ್ನೂ ಆಡಲಿಲ್ಲ. ಪತ್ರಿಕೆಗಳ ಕಟ್ಟನ್ನು ಎತ್ತಿ ಒಳಗಿಟ್ಟರು. ಆ ಮದುವೆ ಕೊನೆಗೆ ಮಠದ ಅಂಗಳದಲ್ಲಿ ನಡೆಯಿತು. ಮತ್ತೆ ಅಚ್ಚು ಹಾಕಿಸಿದ ಖರ್ಚನ್ನು ಟ್ರಸ್ಟಿನ ಹಣದಿಂದ ಮುಟ್ಟದೆ ಸಮಿತಿಯವರೇ ಹಂಚಿಕೊಂಡು ಕೊಟ್ಟೆವು. ಭಕ್ತರ ಕಾಯಕದ ಹಣ ನಮ್ಮ ಅಜಾಗರೂಕತೆಗೆ ದಂಡವಾಗಬಾರದಲ್ಲವೇ?

ಅಂದು ಕಲಿತ ಮೊದಲ ಪಾಠವನ್ನು ಈ ಲೇಖನದ ತಿರುಳೆಂದೇ ತಿಳಿಯಿರಿ. ನಿಯಮಾವಳಿಯ ಶಬ್ದಕ್ಕೆ ನಾವು ಬಯಸುವ ಅರ್ಥವಿರುವುದಿಲ್ಲ. ನಾಮಫಲಕದ ಮೇಲೆ ಬರೆಸಿದ ಅರ್ಥವೂ ಇರುವುದಿಲ್ಲ. ಆ ನಿಯಮವು ಯಾರ ಗಾಳಿ, ಬೆಳಕು, ದಾರಿಗಳನ್ನು ಕಾಯಲು ಹುಟ್ಟಿದೆಯೋ ಅವರನ್ನು ಕಣ್ಣ ಮುಂದಿಟ್ಟುಕೊಂಡು ಓದಿದಾಗ ಮಾತ್ರ ಅದರ ಅರ್ಥ ನೇರವಾಗಿ ಕಾಣುತ್ತದೆ.

ಯಾವುದನ್ನು ಓದಬೇಕು?

ನಮ್ಮ ರಾಜ್ಯದಲ್ಲಿ ಈ ವಿಷಯದ ಮೂಲವು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರ ಮೇರೆಗೆ ಆಯಾ ಪ್ರದೇಶದ ಯೋಜನಾ ಪ್ರಾಧಿಕಾರವು ಮಹಾಯೋಜನೆಯನ್ನು ಸಿದ್ಧಪಡಿಸುತ್ತದೆ. ಮಹಾಯೋಜನೆಯಲ್ಲಿ ನಕ್ಷೆಯಿರುತ್ತದೆ, ನಕ್ಷೆಯೊಡನೆ ವಲಯ ನಿಯಮಾವಳಿಯಿರುತ್ತದೆ. ಹಿಂದೆ ರೂಪುರೇಷಾ ಅಭಿವೃದ್ಧಿ ಯೋಜನೆ, ಸಮಗ್ರ ಅಭಿವೃದ್ಧಿ ಯೋಜನೆ ಎಂದು ಎರಡು ಹೆಸರುಗಳಿದ್ದವು. 2005ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಅವು ಹೋಗಿ ಮಹಾಯೋಜನೆಯೆಂಬ ಒಂದೇ ಹೆಸರು ಬಂದಿತು. ಹಳೆಯ ಕಾಗದಪತ್ರಗಳಲ್ಲಿ ಓ.ಡಿ.ಪಿ., ಸಿ.ಡಿ.ಪಿ. ಎಂಬ ಅಕ್ಷರಗಳು ಕಂಡರೆ ಗಾಬರಿಪಡಬೇಕಾದುದಿಲ್ಲ.

ನಕ್ಷೆಯಲ್ಲಿ ವಾಸದ ವಲಯಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಉಪಯೋಗಕ್ಕೆ ಕೆಂಪು, ಉದ್ಯಾನಗಳಿಗೆ ಹಸಿರು ಎಂದು ಬಣ್ಣ ಹಚ್ಚುವುದು ವಾಡಿಕೆ. ಆದರೆ ಬಣ್ಣ ನೋಡಿ ಹಣ ಕೊಡಬೇಡಿ. ದೊಡ್ಡ ನಕ್ಷೆಯ ಪ್ರತಿಯಲ್ಲಿ ಒಂದು ಎಳೆಯಷ್ಟು ಗೆರೆ ಆಚೀಚೆಯಾದರೆ ನೆಲದ ಮೇಲೆ ಒಂದು ಹೊಲವೇ ಆಚೀಚೆಯಾಗುತ್ತದೆ. ನಿಮ್ಮ ಸರ್ವೆ ನಂಬರಿಗೆ ಯಾವ ಭೂ ಉಪಯೋಗ ನಿಗದಿಯಾಗಿದೆಯೆಂದು ಪ್ರಾಧಿಕಾರದಿಂದ ಲಿಖಿತ ದೃಢೀಕರಣ ಪಡೆಯುವುದೇ ಸರಿಯಾದ ಮಾರ್ಗ.

ಇಲ್ಲಿ ಇನ್ನೊಂದು ಗೊಂದಲವನ್ನು ನಿವಾರಿಸಬೇಕು. "ನಮ್ಮ ಹೊಲಕ್ಕೆ ಎನ್.ಎ. ಆಗಿದೆ, ಇನ್ನೇನು ತೊಂದರೆ?" ಎಂದು ಉತ್ತರ ಕರ್ನಾಟಕದ ಬಂಧುಗಳು ಕೇಳುತ್ತಾರೆ. ಭೂ ಪರಿವರ್ತನೆಯು 1964ರ ಭೂ ಕಂದಾಯ ಕಾಯ್ದೆಯ 95ನೆಯ ಕಲಮಿಗೆ ಸೇರಿದ ಸಂಗತಿ. ವಲಯವು ಯೋಜನಾ ಕಾಯ್ದೆಗೆ ಸೇರಿದ ಸಂಗತಿ. ಇವು ಎರಡು ಬೇರೆ ಬಾಗಿಲುಗಳು. ಪರಿವರ್ತನೆಯಾದರೂ ಒಂದು ಗೊತ್ತಾದ ಉದ್ದೇಶಕ್ಕೇ ಆಗಿರುತ್ತದೆ. ವಾಸಕ್ಕೆಂದು ಪರಿವರ್ತನೆಯಾದ ಜಮೀನಿನಲ್ಲಿ ಗೋದಾಮು ಕಟ್ಟಿದರೆ ಎನ್.ಎ. ಆದೇಶವು ನಿಮ್ಮನ್ನು ಕಾಯುವುದಿಲ್ಲ.

ಪರಿಭಾಷೆಯಿಂದ ಆರಂಭಿಸಿರಿ

ಬಹುಜನರು ನಿಯಮಾವಳಿಯನ್ನು ಕೈಗೆತ್ತಿಕೊಂಡೊಡನೆ ತಮಗೆ ಬೇಕಾದ ಪುಟವನ್ನು ತೆರೆಯುತ್ತಾರೆ. ಮೊದಲು ತೆರೆಯಬೇಕಾದುದು ಪರಿಭಾಷೆಯ ಪುಟ. ದಿನಬಳಕೆಯ ಶಬ್ದಕ್ಕೆ ಅಲ್ಲಿ ಬೇರೆಯೇ ಅರ್ಥ ಕೊಟ್ಟಿರಬಹುದು. "ಅಭಿವೃದ್ಧಿ" ಎಂಬ ಶಬ್ದವನ್ನೇ ನೋಡಿರಿ. ಅಭಿವೃದ್ಧಿಯೆಂದರೆ ನಾವು ಏಳಿಗೆ ಎಂದು ತಿಳಿಯುತ್ತೇವೆ. ಕಾಯ್ದೆಯಲ್ಲಿ ಕಟ್ಟಡ ಕಟ್ಟುವುದೂ ಅಭಿವೃದ್ಧಿಯೇ, ಜಮೀನನ್ನು ತುಂಡುಗಳಾಗಿ ವಿಭಾಗಿಸುವುದೂ ಅಭಿವೃದ್ಧಿಯೇ, ಕಟ್ಟಡದ ಅಥವಾ ಜಮೀನಿನ ಉಪಯೋಗವನ್ನು ಗಣನೀಯವಾಗಿ ಬದಲಿಸುವುದೂ ಅಭಿವೃದ್ಧಿಯೇ. ಅಂದರೆ ಒಂದು ಇಟ್ಟಿಗೆಯನ್ನೂ ಇಡದೆ, ಕೇವಲ ಮನೆಯನ್ನು ಅಂಗಡಿಯಾಗಿ ಮಾಡಿದರೂ ಅನುಮತಿ ಬೇಕಾಗುತ್ತದೆ. ನಮ್ಮ ಭವನದ ಗೋಡೆಗಳು ಮಂಜೂರಾದ ನಕ್ಷೆಯಂತೆಯೇ ಇದ್ದವು. ತಪ್ಪಿದ್ದುದು ಒಳಗೆ ನಡೆದ ಉಪಯೋಗದಲ್ಲಿ.

ಪರಿಭಾಷೆಯಲ್ಲಿಯೂ ಎರಡು ಬಗೆಯುಂಟು. "ಇಂಥದೆಂದರೆ ಇಂಥದು" ಎಂದು ಹೇಳಿದ್ದರೆ ಅರ್ಥದ ಬೇಲಿ ಅಲ್ಲಿಗೆ ಮುಗಿಯಿತು. "ಇಂಥದು ಇವುಗಳನ್ನು ಒಳಗೊಳ್ಳುತ್ತದೆ" ಎಂದಿದ್ದರೆ ಶಬ್ದದ ಸಹಜಾರ್ಥದ ಜೊತೆಗೆ ಹೇಳಿದವುಗಳೂ ಸೇರುತ್ತವೆ. ಪರಿಭಾಷೆಯಲ್ಲಿ ಇಲ್ಲದ ಶಬ್ದಕ್ಕೆ ಮಾತ್ರ ಲೋಕರೂಢಿಯ ಅರ್ಥವನ್ನು ಹಿಡಿಯಬೇಕು.

ಪಟ್ಟಿಯ ಕೊನೆಯಲ್ಲಿ "ಹಾಗೂ ಇಂಥ ಇತರ ಉಪಯೋಗಗಳು" ಎಂಬ ಮಾತು ಬಂದಾಗ ಕೆಲವರು ಬಾಗಿಲು ಪೂರ್ತಿ ತೆರೆಯಿತೆಂದು ಹಿಗ್ಗುತ್ತಾರೆ. ಹಾಗಲ್ಲ. ಗ್ರಂಥಾಲಯ, ವಾಚನಾಲಯ, ಶಿಶುವಿಹಾರ ಎಂದು ಹೇಳಿ "ಇಂಥ ಇತರ" ಎಂದರೆ ಅದೇ ಜಾತಿಯವು ಎಂದರ್ಥ. ಅದರೊಳಗೆ ಬೆಣೆ ತೂರಿಸಿ ಹಿಟ್ಟಿನ ಗಿರಣಿಯನ್ನು ಸೇರಿಸಲು ಬರುವುದಿಲ್ಲ. ಮನುಷ್ಯನನ್ನು ಸಂಗದಿಂದ ಅಳೆಯುವಂತೆ ಶಬ್ದವನ್ನೂ ಅದರ ನೆರೆಯ ಶಬ್ದಗಳಿಂದ ಅಳೆಯಬೇಕು.

ಚಿಕ್ಕ ಪದಗಳ ದೊಡ್ಡ ಭಾರ

ಕಾನೂನಿನ ಕನ್ನಡದಲ್ಲಿ ಕೆಲವು ಪುಟ್ಟ ಪದಗಳಿವೆ. ಓದುವವರ ಕಣ್ಣು ಅವುಗಳ ಮೇಲೆ ಜಾರಿಬಿಡುತ್ತದೆ. ವ್ಯಾಜ್ಯಗಳು ಹುಟ್ಟುವುದು ಅಲ್ಲಿಯೇ.

"ತಕ್ಕದ್ದು" ಎಂಬುದು ಮೊದಲನೆಯದು. ಆಡುಮಾತಿನಲ್ಲಿ ತಕ್ಕದ್ದೆಂದರೆ ಯೋಗ್ಯವಾದುದು, ಒಪ್ಪುವಂಥದು. ಕಾನೂನಿನಲ್ಲಿ "ಬಿಡತಕ್ಕದ್ದು" ಎಂದರೆ ಬಿಡಲೇಬೇಕು. ಅದು ಹಿತವಚನವಲ್ಲ, ಆಜ್ಞೆ. ಮನೆಯ ಸುತ್ತ ಇಷ್ಟು ಮೀಟರು ಜಾಗ ಬಿಡತಕ್ಕದ್ದು ಎಂದಿದ್ದರೆ, ಪಕ್ಕದವರು ಒಪ್ಪಿದ್ದಾರೆಂಬ ಕಾರಣಕ್ಕೆ ಕಡಿಮೆ ಬಿಡುವಂತಿಲ್ಲ. "ತಕ್ಕದ್ದಲ್ಲ" ಎಂದರೆ ಪೂರ್ಣ ನಿಷೇಧ.

"ಬಹುದು" ಎಂಬುದು ಎರಡನೆಯದು. ನಿಯಮಾವಳಿಯ ಪ್ರತಿ ವಲಯದ ಕೆಳಗೂ ಸಾಮಾನ್ಯವಾಗಿ ಎರಡು ಪಟ್ಟಿಗಳಿರುತ್ತವೆ. ಒಂದು, ನೇರವಾಗಿ ಅನುಮತಿಸಿದ ಉಪಯೋಗಗಳದು. ಇನ್ನೊಂದು, ವಿಶೇಷ ಸಂದರ್ಭಗಳಲ್ಲಿ ಪ್ರಾಧಿಕಾರವು ಅನುಮತಿಸಬಹುದಾದ ಉಪಯೋಗಗಳದು. ಈ ಎರಡನೆಯ ಪಟ್ಟಿಯಲ್ಲಿ ನಿಮ್ಮ ಉದ್ದೇಶವು ಕಂಡಿತೆಂದರೆ ನಿಮಗೆ ಹಕ್ಕು ದೊರೆಯಿತೆಂದಲ್ಲ, ಕೇಳುವ ಅವಕಾಶ ದೊರೆಯಿತೆಂದಷ್ಟೇ ಅರ್ಥ. "ಮಾಡಬಹುದು ಎಂದು ಪುಸ್ತಕದಲ್ಲಿದೆ" ಎನ್ನುವವರು ಆ "ಬಹುದು" ಯಾರಿಗೆ ಸೇರಿದ್ದೆಂದು ಕೇಳಿಕೊಳ್ಳಬೇಕು. ಅದು ಪ್ರಾಧಿಕಾರಕ್ಕೆ ಸೇರಿದ್ದು. ಅದರ ಲಿಖಿತ ಅನುಮತಿ ಬರುವವರೆಗೆ ಬುನಾದಿ ತೋಡುವಂತಿಲ್ಲ.

"ಒಳಪಟ್ಟು" ಎಂದಿದ್ದರೆ, ಈ ನಿಯಮವು ಬೇರೊಂದು ನಿಯಮದ ಕೈಕೆಳಗಿದೆ. ಆ ಬೇರೆಯದನ್ನೂ ಹುಡುಕಿ ಓದಬೇಕು. "ಏನೇ ಒಳಗೊಂಡಿದ್ದರೂ" ಎಂದಿದ್ದರೆ, ಈ ನಿಯಮವೇ ಉಳಿದವುಗಳ ಮೇಲೆ ನಿಲ್ಲುತ್ತದೆ. "ಪರಂತು" ಎಂದು ಆರಂಭವಾಗುವ ವಾಕ್ಯವು ಮೇಲೆ ಕೊಟ್ಟುದರಲ್ಲಿ ಒಂದು ಪಾಲನ್ನು ಹಿಂದೆಗೆದುಕೊಳ್ಳುತ್ತದೆ. ಪರಂತುವನ್ನು ಓದದೆ ಪುಟ ತಿರುವಿದವರು ಅರ್ಧ ನಿಯಮವನ್ನು ಮಾತ್ರ ಓದಿದಂತೆ.

"ಮತ್ತು", "ಅಥವಾ" ಎಂಬವುಗಳ ವ್ಯತ್ಯಾಸವನ್ನು ಹೇಳಬೇಕಾದುದಿಲ್ಲ. ಆದರೆ "ಯಾವುದು ಹೆಚ್ಚೋ ಅದು", "ಯಾವುದು ಕಡಿಮೆಯೋ ಅದು" ಎಂಬಲ್ಲಿ ಲೆಕ್ಕ ಮಾಡಿಯೇ ನೋಡಬೇಕು. ಉದಾಹರಣೆಗಾಗಿ, ಮನೆಯಲ್ಲಿ ಅಂಗಡಿಗೆ "ಕಟ್ಟಡದ ವಿಸ್ತೀರ್ಣದ ನೂರಕ್ಕೆ 20 ಭಾಗ ಅಥವಾ 50 ಚದರ ಮೀಟರು" ಬಳಸಬಹುದೆಂದು ಒಂದು ನಿಯಮವಿದೆಯೆಂದು ಭಾವಿಸೋಣ. ನಿಮ್ಮ ಮನೆ 150 ಚದರ ಮೀಟರು ಇದ್ದರೆ ನೂರಕ್ಕೆ 20 ಎಂದರೆ 30 ಚದರ ಮೀಟರು. "ಹೆಚ್ಚೋ ಅದು" ಎಂದಿದ್ದರೆ 50 ದೊರೆಯುತ್ತದೆ; "ಕಡಿಮೆಯೋ ಅದು" ಎಂದಿದ್ದರೆ 30 ಮಾತ್ರ. ಒಂದು ಶಬ್ದದಿಂದ 20 ಚದರ ಮೀಟರಿನ ಅಂತರವಾಯಿತು.

ಕನ್ನಡ ಪ್ರತಿಯೂ ಇಂಗ್ಲಿಷ್ ಪ್ರತಿಯೂ ದೊರೆಯುವಲ್ಲಿ ಎರಡನ್ನೂ ಇಟ್ಟುಕೊಂಡು ಓದಿರಿ. ಅನುವಾದದಲ್ಲಿ ಶಬ್ದ ಜಾರುವುದುಂಟು. ಸಂವಿಧಾನದ 348ನೆಯ ಅನುಚ್ಛೇದವು ಕಾನೂನುಗಳ ಅಧಿಕೃತ ಪಾಠದ ವಿಷಯದಲ್ಲಿ ಇಂಗ್ಲಿಷಿಗೆ ಸ್ಥಾನ ಕೊಟ್ಟಿರುವುದರಿಂದ, ಸಂದೇಹ ಬಂದಲ್ಲಿ ಇಂಗ್ಲಿಷ್ ಬಲ್ಲ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ತಾಳೆ ನೋಡುವುದು ಲೇಸು.

ಮನೆಯ ಕಾಯಕವೋ, ಉದ್ಯಮವೋ?

ನಮ್ಮ ತಾಯಂದಿರಿಗೆ, ಸಹೋದರಿಯರಿಗೆ ಹತ್ತಿರವಾದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಕಾಯಕವನ್ನು ನಂಬಿದ ಸಮಾಜ ನಮ್ಮದು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹಪ್ಪಳ, ಸಂಡಿಗೆಗಳನ್ನು ಮನೆಯಲ್ಲಿಯೇ ಮಾಡಿ ಮಾರಿ ಮಕ್ಕಳನ್ನು ಓದಿಸಿದ ಶರಣೆಯರು ಎಷ್ಟೋ ಮಂದಿ. ವಾಸದ ವಲಯದಲ್ಲಿ ಇದಕ್ಕೆ ಎಡೆಯಿದೆಯೇ?

ಮನೆಯ ಆವರಣವನ್ನು ಮನೆಯ ವಾಸಕ್ಕೆ ಹೊಂದಿಕೊಂಡ ಕೆಲಸಕ್ಕೆ ಬಳಸುವುದನ್ನು ಕಾಯ್ದೆಯ 14ನೆಯ ಕಲಮಿನ ವಿವರಣೆಯೇ ಅನುಮತಿ ಬೇಕಾದ ಅಭಿವೃದ್ಧಿಯಲ್ಲವೆಂದು ಬಿಡುತ್ತದೆ. ಇಂಥದನ್ನು ಆನುಷಂಗಿಕ ಉಪಯೋಗ ಎನ್ನುತ್ತಾರೆ. ಅದರ ಹೊರತು ಆಯಾ ಊರಿನ ನಿಯಮಾವಳಿಯು ವಾಸದ ವಲಯದಲ್ಲಿ ಯಾವ ಗೃಹ ಕೈಗಾರಿಕೆಗಳನ್ನು, ಎಷ್ಟು ಅಶ್ವಶಕ್ತಿಯ ಮೋಟರಿನವರೆಗೆ, ಎಷ್ಟು ಜಾಗದಲ್ಲಿ ಒಪ್ಪುತ್ತದೆಂಬುದನ್ನು ನೋಡಬೇಕು. ಆನುಷಂಗಿಕ ಎಂಬ ಶಬ್ದದ ಒಳಗುಟ್ಟೇನೆಂದರೆ, ಮುಖ್ಯವಾದುದು ವಾಸ, ಉಳಿದುದು ಅದರ ಬೆನ್ನಿಗೆ ಬಂದುದು. ಅಡಿಗೆಮನೆಯಲ್ಲಿ ತಾಯಿ-ಮಗಳು ರೊಟ್ಟಿ ತಟ್ಟಿದರೆ ಅದು ಮನೆಯೇ. ಇಡೀ ಕೆಳಮಹಡಿಯಲ್ಲಿ ಯಂತ್ರವಿಟ್ಟು, ಹದಿನೈದು ಮಂದಿ ದುಡಿದು, ಬೆಳಗಿನ ಜಾವ ನಾಲ್ಕಕ್ಕೆ ಟೆಂಪೊ ಬಂದು ನಿಂತರೆ, ಮೇಲ್ಮಹಡಿಯಲ್ಲಿ ಯಜಮಾನರು ಮಲಗಿದ್ದಾರೆಂಬ ಕಾರಣಕ್ಕೆ ಅದು ಮನೆಯಾಗಿ ಉಳಿಯುವುದಿಲ್ಲ.

ಈ ಬೆಳವಣಿಗೆ ಒಂದೇ ದಿನದಲ್ಲಿ ಆಗುವುದಿಲ್ಲವಾದುದರಿಂದ ಗೆರೆ ದಾಟಿದ್ದು ಮನೆಯವರಿಗೇ ತಿಳಿಯುವುದಿಲ್ಲ. ಪಕ್ಕದ ಮನೆಯವರ ನಿದ್ರೆ ಕೆಟ್ಟಾಗ ತಿಳಿಯುತ್ತದೆ. ಕಾಯಕವು ಬೆಳೆಯಲಿ, ಬೆಳೆದಾಗ ಅದಕ್ಕೆ ತಕ್ಕ ವಲಯದಲ್ಲಿ ತಕ್ಕ ಜಾಗ ಹುಡುಕುವುದು ಆ ಕಾಯಕಕ್ಕೇ ಗೌರವ. ಮನೆಪಾಠ, ಹೊಲಿಗೆ, ವೈದ್ಯರ ಮತ್ತು ವಕೀಲರ ಮನೆಯ ಕೋಣೆ, ಇವೆಲ್ಲಕ್ಕೂ ಇದೇ ಅಳತೆ ಸಲ್ಲುತ್ತದೆ.

ಅರ್ಥವು ಸಂದಿಗ್ಧವಾದಾಗ

ಎಷ್ಟು ಎಚ್ಚರದಿಂದ ಓದಿದರೂ ಕೆಲವೊಮ್ಮೆ ಶಬ್ದವು ಎರಡೂ ಕಡೆ ವಾಲುತ್ತದೆ. ಆಗ ನ್ಯಾಯಾಲಯಗಳು ಹಿಡಿಯುವ ದಾರಿಯನ್ನು ಅರಿಯಲು ಎರಡು ತೀರ್ಪುಗಳನ್ನು ನೆನೆಯಬಹುದು.

ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಯೋಜನೆಯ ಮೇರೆಗೆ ಉದ್ಯಾನಕ್ಕೆಂದು ಮೀಸಲಾಗಿದ್ದ ಜಾಗವೊಂದಿತ್ತು. ಅದನ್ನು ನಾಗರಿಕ ಸೌಕರ್ಯದ ನಿವೇಶನವೆಂದು ಬದಲಿಸಿ ಖಾಸಗಿ ಆಸ್ಪತ್ರೆಗೆ ಹಂಚಿಕೊಡಲಾಯಿತು. ಆಸ್ಪತ್ರೆಯೂ ಜನರಿಗೆ ಸೌಕರ್ಯವೇ ಅಲ್ಲವೇ ಎಂಬುದು ವಾದ. ಬಡಾವಣೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ. ಎಸ್. ಮುದ್ದಪ್ಪ ಎಂದು ಪ್ರಸಿದ್ಧವಾದ ಆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿವಾಸಿಗಳ ಪರವಾಗಿ ತೀರ್ಪಿತ್ತಿತು. ಉದ್ಯಾನಕ್ಕೆಂದು ಮೀಸಲಿಟ್ಟ ಬಯಲನ್ನು ಖಾಸಗಿ ಆಸ್ಪತ್ರೆಗಾಗಿ ಕೊಡುವುದನ್ನು ಅದು ಒಪ್ಪಲಿಲ್ಲ. ಆಸ್ಪತ್ರೆ ಒಳ್ಳೆಯದಲ್ಲವೆಂದಲ್ಲ, ಒಳ್ಳೆಯದೊಂದರ ಹೆಸರಿನಲ್ಲಿ ಮತ್ತೊಂದನ್ನು ಅಳಿಸಲಾಗದು ಎಂಬುದು ನಾವು ಅದರಿಂದ ಕಲಿಯಬೇಕಾದ ಪಾಠ. "ನಮ್ಮದು ಧರ್ಮಕಾರ್ಯ" ಎಂಬ ಸಮಾಧಾನದಲ್ಲಿ ನಿಯಮವನ್ನು ಬಗ್ಗಿಸುವ ಸಮಿತಿಗಳು ಇದನ್ನು ಮನನ ಮಾಡಬೇಕು. ನಾವೂ ಅಂಥ ಸಮಿತಿಯಲ್ಲಿದ್ದವರೇ.

ಇನ್ನೊಂದು, ಇಂದೋರ್ ನಗರದ ಯೋಜನೆಗೆ ಸಂಬಂಧಿಸಿ 2007ರಲ್ಲಿ ಬಂದ ಸರ್ವೋಚ್ಚ ನ್ಯಾಯಾಲಯದ ತೀರ್ಪು. ಒಬ್ಬನು ತನ್ನ ಆಸ್ತಿಯನ್ನು ಬಳಸುವ ಹಕ್ಕನ್ನು ಮಿತಿಗೊಳಿಸುವ ಯೋಜನಾ ಕಾನೂನುಗಳನ್ನು ಬಿಗಿಯಾಗಿ ಅರ್ಥೈಸಬೇಕು ಎಂಬ ತತ್ತ್ವವನ್ನು ಅದು ಎತ್ತಿಹಿಡಿಯಿತು. ಅಂದರೆ ನಿಯಮದಲ್ಲಿ ಇಲ್ಲದ ನಿರ್ಬಂಧವನ್ನು ಕಛೇರಿಯವರು ತಮ್ಮ ಇಚ್ಛೆಯಂತೆ ಸೇರಿಸಿ ಓದುವಂತಿಲ್ಲ. ಹೀಗೆ ತಕ್ಕಡಿಗೆ ಎರಡು ತಟ್ಟೆಗಳಿವೆ. ನಮಗೆ ಬೇಕಾದುದನ್ನು ನಾವು ಸೇರಿಸಬಾರದು. ಬೇಡವಾದುದನ್ನು ಅವರೂ ಸೇರಿಸಬಾರದು. ಅಧಿಕಾರಿಯು "ಆಗುವುದಿಲ್ಲ" ಎಂದಾಗ ಯಾವ ನಿಯಮದ ಯಾವ ಸಾಲಿನ ಮೇರೆಗೆ ಎಂದು ವಿನಯದಿಂದ ಕೇಳಿ, ಬರಹದಲ್ಲಿ ಪಡೆಯುವ ಅಧಿಕಾರ ನಮಗಿದೆ. ಹಾಗೆಯೇ "ಆಗುತ್ತದೆ, ನಾನು ನೋಡಿಕೊಳ್ಳುತ್ತೇನೆ" ಎಂಬ ಬಾಯಿಮಾತು, ಅದು ದಲ್ಲಾಳಿಯದಿರಲಿ, ಗುಮಾಸ್ತನದಿರಲಿ, ಕಾನೂನಿನ ಮುಂದೆ ನಿಲ್ಲುವುದಿಲ್ಲವೆಂಬುದನ್ನೂ ಮರೆಯಬಾರದು.

ಹಿರಿಯರ ಸಮಾಧಿ ಇರುವ ಹೊಲ

ನಮ್ಮ ಸಮಾಜಕ್ಕೆ ವಿಶೇಷವಾಗಿ ಸಂಬಂಧಿಸಿದ ಒಂದು ವಿಷಯವುಂಟು. ನಮ್ಮಲ್ಲಿ ಸಮಾಧಿ ಮಾಡುವ ಸಂಪ್ರದಾಯ. ಎಷ್ಟೋ ಮನೆತನಗಳ ಹಿರಿಯರು ತಮ್ಮ ಸ್ವಂತ ಹೊಲದ ಮೂಲೆಯಲ್ಲಿಯೇ ಮಣ್ಣಾಗಿದ್ದಾರೆ. ಊರು ಬೆಳೆಯುತ್ತದೆ, ಆ ಹೊಲವು ಮಹಾಯೋಜನೆಯಲ್ಲಿ ವಾಸದ ಅಥವಾ ವಾಣಿಜ್ಯದ ವಲಯವಾಗುತ್ತದೆ, ಕೆಲವೊಮ್ಮೆ ಹೊಸ ರಸ್ತೆಯ ಗೆರೆ ಸಮಾಧಿಯ ಮೇಲೆಯೇ ಹಾಯುತ್ತದೆ. ಸ್ಮಶಾನ, ರುದ್ರಭೂಮಿಗಳನ್ನು ಬೇರೆ ಬೇರೆ ಊರಿನ ನಿಯಮಾವಳಿಗಳು ಬೇರೆ ಬೇರೆ ಪಟ್ಟಿಗಳಲ್ಲಿ ಇಟ್ಟಿರುತ್ತವೆ. ಆ ಶಬ್ದಗಳು ಸಾರ್ವಜನಿಕ ಸ್ಮಶಾನವನ್ನು ಕುರಿತವು. ಖಾಸಗಿ ಹೊಲದ ಮೂಲೆಯ ಎರಡು ಗದ್ದುಗೆಗಳಿಗೂ ಅದರ ರಕ್ಷಣೆ ಸಿಕ್ಕೀತೆಂದು ನಂಬಿ ಕೂರಬಾರದು.

ಇದಕ್ಕೆ ಮಾತಾಡುವ ಕಾಲ ಯಾವುದು? ಯೋಜನೆಯು ಕರಡಾಗಿರುವಾಗ. ಮಹಾಯೋಜನೆಯನ್ನು ಕನಿಷ್ಠ ಹತ್ತು ವರ್ಷಗಳಿಗೊಮ್ಮೆ ಪರಿಷ್ಕರಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಆಗ ಕರಡನ್ನು ಪ್ರಕಟಿಸಿ ಸಾರ್ವಜನಿಕರಿಂದ ಲಿಖಿತ ಅಭಿಪ್ರಾಯಗಳನ್ನು ಕೇಳುತ್ತಾರೆ. ಮುಂದೆ ಯಾರಾದರೂ 14-ಎ ಕಲಮಿನ ಮೇರೆಗೆ ಒಂದು ಜಮೀನಿನ ಉಪಯೋಗವನ್ನು ಬದಲಿಸಲು ಹೊರಟರೂ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಕನಿಷ್ಠ 15 ದಿನಗಳ ಕಾಲಾವಕಾಶ ಕೊಟ್ಟು ಆಕ್ಷೇಪಣೆಗಳನ್ನು ಕರೆಯಬೇಕು. ಪತ್ರಿಕೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುವ ಈ ಪ್ರಕಟಣೆಗಳನ್ನು ನಾವು ಓದುವುದಿಲ್ಲ. ಬುಲ್ಡೋಜರು ಬಂದ ದಿನ ಓಡುತ್ತೇವೆ. ಪ್ರತಿ ಊರಿನ ಸಮಾಜದಲ್ಲಿ ಓದುಬರಹ ಬಲ್ಲ ಇಬ್ಬರು ತರುಣರು ಇದನ್ನು ನೋಡುವ ಹೊಣೆಯನ್ನು ಹೊತ್ತರೆ ಅದೂ ಒಂದು ದಾಸೋಹವೇ.

ಕೊನೆಯ ಮಾತು

ಹಾಗಾದರೆ ಗೃಹಸ್ಥನು ಮಾಡಬೇಕಾದುದೇನು? ನಿವೇಶನಕ್ಕೆ ಮುಂಗಡ ಕೊಡುವ ಮೊದಲೇ ವಲಯದ ಲಿಖಿತ ದೃಢೀಕರಣ ಪಡೆಯಿರಿ. ನಿಯಮಾವಳಿಯ ಪ್ರತಿಯನ್ನು, ಅದಕ್ಕಾದ ತಿದ್ದುಪಡಿಗಳನ್ನು ಕೇಳಿ ಪಡೆಯಿರಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಪರಿಭಾಷೆ, ಎರಡೂ ಪಟ್ಟಿಗಳು, ಷರತ್ತುಗಳು, ರಸ್ತೆಯ ಅಗಲ ಮತ್ತು ವಾಹನ ನಿಲುಗಡೆಯ ಕೋಷ್ಟಕ, ಈ ಕ್ರಮದಲ್ಲಿ ಓದಿರಿ. ಅರ್ಜಿಯಲ್ಲಿ ನಿಜವಾಗಿ ಮಾಡಲಿರುವುದನ್ನೇ ಬರೆಯಿರಿ. ಮಂಜೂರಾತಿ ಪತ್ರದ ಹಿಂಬದಿಯನ್ನು ಗಟ್ಟಿಯಾಗಿ, ಮನೆಯವರೆಲ್ಲರೂ ಕೇಳುವಂತೆ ಓದಿರಿ. ಆಮೇಲೂ ಸಂದೇಹ ಉಳಿದರೆ ಬಲ್ಲ ವಕೀಲರನ್ನು ಕಾಣಿರಿ. ಅವರಿಗೆ ಕೊಡುವ ಶುಲ್ಕ ಒಡೆದು ಹಾಕುವ ಗೋಡೆಗಿಂತ ಅಗ್ಗ.

ನಮ್ಮ ಭವನದ ಮುಂದಿನ ಕಥೆಯನ್ನು ಹೇಳಿ ಮುಗಿಸುತ್ತೇವೆ. ಅದರಲ್ಲೀಗ ಮದುವೆಗಳಿಲ್ಲ. ಸಂಜೆ ಮಕ್ಕಳ ಓದು, ವಾಚನಾಲಯ, ಶ್ರಾವಣದ ಪ್ರವಚನ ನಡೆಯುತ್ತವೆ. ಸಾಲವನ್ನು ಮತ್ತೆ ಪಟ್ಟಿ ಎತ್ತಿ ತೀರಿಸಿದೆವು. ನಿಧಾನವಾಯಿತು, ಆದರೆ ತೀರಿತು. ಸಮಿತಿಯವರು ಒಂದು ಸಂಜೆ ಹಿಂಬದಿಯ ಮನೆಗೆ ಹೋಗಿ ಆ ಗುರುಗಳ ಮುಂದೆ ತಪ್ಪೊಪ್ಪಿಕೊಂಡೆವು. ಅವರ ಮನೆಯವರು ಅಷ್ಟರಲ್ಲಿ ಚೇತರಿಸಿಕೊಂಡಿದ್ದರು. ಅವರೇ ಚಹ ತಂದುಕೊಟ್ಟರು. ಗುರುಗಳು ಹೆಚ್ಚೇನೂ ಹೇಳಲಿಲ್ಲ. ವಾಚನಾಲಯದ ಬೀಗದ ಕೈ ಯಾರ ಬಳಿ ಇರುತ್ತದೆಂದು ಕೇಳಿದರು. ಅಂದಿನಿಂದ ಅದು ಅವರ ಬಳಿಯೇ ಇದೆ.